ಸಟರ್ ಬ್ಯೂಟ್ಸ್: ಬೇಲಿಯಾಚೆಯ ಬೆಟ್ಟ

ಪ್ರಿಯ ಮಲ್ಲು,

ಫೋಟೋ ನೋಡಿ "ಬಯಲಿನ ಮಧ್ಯೆ ಈ ಗುಡ್ಡ ಎಲ್ಲಿಂದ ಬಂತೋ?" ಅಂತ ಕೇಳಿದ್ದೆಯಲ್ಲ, ಅದು ಸಟರ್ ಬ್ಯೂಟ್ಸ್. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಯಲ್ಲಿದೆ. ಸುತ್ತ ಮಟ್ಟಸ ನೆಲ, ಭತ್ತದ ಗದ್ದೆ, ಅಕ್ರೋಟು ತೋಟ. ನಡುವೆ ಸುಮಾರು 16 ಕಿ.ಮೀ. ಅಗಲದಲ್ಲಿ ದುಂಡಗೆ ನಿಂತ ಕಲ್ಲುಬೆಟ್ಟಗಳ ಗುಂಪು. ಎತ್ತರ 2,100 ಅಡಿಗೆ ಸ್ವಲ್ಪ ಜಾಸ್ತಿ ಅಷ್ಟೇ. ಇಲ್ಲಿನವರು ಇದನ್ನು ಜಗತ್ತಿನ ಅತಿ ಚಿಕ್ಕ ಪರ್ವತಶ್ರೇಣಿ ಅನ್ನುತ್ತಾರೆ. ಚಿಕ್ಕದೆಂದು ಜಂಬ ಪಡುವವರನ್ನು ಅಮೆರಿಕದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ!

ಇದು ಆರಿಹೋದ ಜ್ವಾಲಾಮುಖಿ ಕಣೋ. ನಿಮ್ಮ ವಿಜಯಪುರದ ಎರೆಭೂಮಿಯ ಕೆಳಗಿನ ಕಪ್ಪುಕಲ್ಲೂ ಲಾವಾದಿಂದಲೇ ಆದದ್ದು. ಆದರೆ ಆ ಲಾವಾ ತೆಳು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ, ಬಹುದೂರ ಹರಿದು, ಪದರದ ಮೇಲೆ ಪದರವಾಗಿ ಹರಡಿತು. ಇಲ್ಲಿಯದರಲ್ಲಿ ಸಿಲಿಕಾ (ಮರಳಿನಲ್ಲಿರುವ ಖನಿಜ) ಜಾಸ್ತಿ. ಅಂಥ ಲಾವಾ ಮಂದ, ದೂರ ಹರಿಯುವುದಿಲ್ಲ. ಮುದ್ದೆ ಹಾಗೆ ಬಾಯಿಯ ಮೇಲೇ ಕೂತುಬಿಡುತ್ತದೆ. ಹೀಗೆ ಒಂದರ ಪಕ್ಕ ಒಂದು ಗುಮ್ಮಟ ಎದ್ದವು. ಏಳುವಾಗ ಕೆಳಗಿದ್ದ ಹಳೆಯ ಮಣ್ಣಿನ ಪದರಗಳನ್ನೂ ಮೇಲಕ್ಕೆ ದಬ್ಬಿದವು. ಅಂಚಿನಿಂದ ಕುಸಿದ ಕಲ್ಲು, ಸ್ಫೋಟದ ಬೂದಿ ಸುತ್ತಲೂ ಇಳಿಜಾರಾಗಿ ಹರಡಿತು. ಮೆತ್ತಗಿನ ಪದರ ಸವೆದು, ನಡುವಿನ ಬೆಟ್ಟಗಳ ಸುತ್ತ ಸಣ್ಣ ಕಣಿವೆಗಳಾದವು. ಗುಮ್ಮಟಗಳು ಎದ್ದದ್ದು ಸುಮಾರು 16 ಲಕ್ಷದಿಂದ 14 ಲಕ್ಷ ವರ್ಷಗಳ ಹಿಂದಿನ ಮಾತು. ಗುಮ್ಮಟ ಅಂದ ಕೂಡಲೇ ನಿಮ್ಮೂರಿನ ಗೋಳಗುಮ್ಮಟ ನೆನೆಸಿಕೊಳ್ಳಬೇಡ. ಮಳೆಗಾಳಿ ತಿಂದು ಉಳಿಸಿರುವುದು ಬರೀ ಮೊನಚು ಬಂಡೆ.

ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಬೆಟ್ಟದ ಬಹುಪಾಲು ಖಾಸಗಿ ಆಸ್ತಿ. ಕುರಿ, ದನ ಮೇಯಿಸುವ ಕುಟುಂಬಗಳದ್ದು. ಸುತ್ತು ಹಾಕಲು ರಸ್ತೆ ಇದೆ, ಬೇಲಿ ದಾಟುವ ಹಾಗಿಲ್ಲ. 2003ರಲ್ಲಿ ರಾಜ್ಯ ಸರ್ಕಾರ ಸುಮಾರು 1,800 ಎಕರೆ ಕೊಂಡಿತು. ಆದರೆ ಅಲ್ಲಿಗೆ ಹೋಗಲು ಸಾರ್ವಜನಿಕ ದಾರಿಯೇ ಇರಲಿಲ್ಲ! ಮೈದು ಮೂಲನಿವಾಸಿಗಳಿಗೆ ಇದು ಪವಿತ್ರ ಬೆಟ್ಟ. ಅವರನ್ನು ಕೇಳಿ ಬೇಲಿ ಹಾಕಿದವರು ಯಾರು ಹೇಳು? ಆದರೂ ಭಾನುವಾರದ ನಂದಿಬೆಟ್ಟ ನೆನಪಾದರೆ ಮಾಲೀಕರ ಹಟವೂ ಅರ್ಥವಾಗುತ್ತದೆ.

ಮಾಲೀಕರು ಒಪ್ಪಿದ ಕಡೆ ಗೈಡ್ ಜೊತೆ ನಡೆದು ಹೋಗಬಹುದು. ಬೇಸಿಗೆಯಲ್ಲಿ ಬರಬೇಡ, ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ನವೆಂಬರಿನಲ್ಲಿ ಬಾ. ಮೊದಲ ಭಾನುವಾರ ಪಕ್ಕದ ಯೂಬಾ ಸಿಟಿಯಲ್ಲಿ ಸಿಖ್ಖರ ನಗರ ಕೀರ್ತನ, ಅಂದರೆ ಭಜನೆಯ ಮೆರವಣಿಗೆ, ಇರುತ್ತದೆ, ಊಟಕ್ಕೆ ಬರವಿಲ್ಲ. ಗದ್ದೆಗಳಿಗೆ ಉತ್ತರದ ಬಾತುಗಳೂ ಬಂದಿಳಿದಿರುತ್ತವೆ. ನಡಿಗೆಗೆ ಮೊದಲೇ ಹೆಸರು ಬರೆಸಬೇಕು, ರಜೆ ಯಾವಾಗ ಅಂತ ಬೇಗ ತಿಳಿಸು.

ನಿನ್ನ,
ರಘು