ಉರುಳಿಗೆ ಋತುವಿಲ್ಲ: ಅರಣ್ಯ ಸಚಿವರಿಗೆ ಕೋವಿಯ ಮನೆಯಿಂದ ಒಂದು ಪತ್ರ

ಮಾನ್ಯ ಅರಣ್ಯ ಸಚಿವರೇ,

ನಮಸ್ಕಾರ.

ನಾನು ಹೆಗ್ಗಡದೇವನಕೋಟೆ ತಾಲ್ಲೂಕು ಅಂತರಸಂತೆ ಕಡೆಯ ರೈತ. ನಮ್ಮದು ಕೋವಿಯ ಮನೆ. ತಾತ ಮಹಾರಾಜರ ಕಾಲದಲ್ಲಿ ಶಿಕಾರಿಗೆ ಬಂದವರಿಗೆ ದಾರಿ ತೋರಿಸುತ್ತಿದ್ದವರು. ಅಪ್ಪ ಬೆಳೆ ಕಾವಲಿನ ಲೈಸೆನ್ಸ್ ಇಟ್ಟುಕೊಂಡು ಹಂದಿ, ಮೊಲ, ಕಾಡುಕೋಳಿ ಹೊಡೆದವರು. ಅವರ ಹಿಂದೆ ಮದ್ದಿನ ಚೀಲ ಹೊತ್ತು ತಿರುಗಿದವನು ನಾನು. 1972ರ ವನ್ಯಜೀವಿ ಕಾಯ್ದೆ ಬಂದಾಗ ಲೈಸೆನ್ಸಿನ ಬೇಟೆಗೆ ಅದರಲ್ಲೂ ಸ್ವಲ್ಪ ಜಾಗ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ನಮ್ಮ ಮನೆಯಲ್ಲಿ ಅದಕ್ಕೂ ಮುಂಚೆಯೇ ಕೋವಿ ಸುಮ್ಮನಾಗಿತ್ತು. ಈಗ ಅದಕ್ಕಿರುವ ಕೆಲಸ ಒಂದೇ, ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂತು ಬರುವುದು.

ಬೇಟೆಗೆ ಅನುಮತಿ ಕೊಡಿ ಎಂದು ಕೇಳಲು ಈ ಕಾಗದ ಬರೆಯುತ್ತಿಲ್ಲ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳಲು ನಿಮ್ಮ ಇಲಾಖೆ ಊರಿನ ಹುಡುಗರನ್ನು ಕೂಲಿಗೆ ತೆಗೆದುಕೊಳ್ಳುತ್ತದಲ್ಲ, ಹಾಗೆಯೇ ಕಾಡುಪ್ರಾಣಿ ಹಿಡಿಯಲು ಕದ್ದು ಕಟ್ಟುವ ತಂತಿಯ ಉರುಳು ಹುಡುಕಿ ತೆಗೆಯುವುದಕ್ಕೂ ಜನ ತೆಗೆದುಕೊಳ್ಳಿ ಎಂದು ಕೇಳುತ್ತಿದ್ದೇನೆ. ಅದೂ ಹಳೆಯ ಬೇಟೆಗಾರರ ಮನೆಗಳಿಂದ, ಕಾಡಿನ ಜನರ ಹಾಡಿಗಳಿಂದ. ಯಾಕೆ, ಯಾವಾಗ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಯಸ್ಸಾದವನ ಮಾತು ಉದ್ದವಾದರೆ ಸಹಿಸಿಕೊಳ್ಳಿ.

ನಮ್ಮ ಕಡೆ ಬೇಟೆಗೊಂದು ಕಾಲವಿತ್ತು. ಆರಿದ್ರಾ ಮಳೆ ಹಿಡಿಯಿತೆಂದರೆ ಕೋವಿಗೆ ಎಣ್ಣೆ ಸವರಿ, ಗೋಣಿತಾಟು ಸುತ್ತಿ ಅಟ್ಟಕ್ಕೆ ಹಾಕುತ್ತಿದ್ದರು. ಅದು ಕೆಳಗಿಳಿಯುತ್ತಿದ್ದದ್ದು ಆಯುಧಪೂಜೆಗೆ. ನೇಗಿಲು, ಮಚ್ಚು, ಕುಡುಗೋಲಿನ ಸಾಲಿನಲ್ಲಿ ಅದಕ್ಕೂ ವಿಭೂತಿ, ಅದಕ್ಕೂ ಬೂದುಗುಂಬಳ. ನಡುವಿನ ತಿಂಗಳುಗಳಲ್ಲಿ ಕೋವಿ ಹೆಗಲಿಗೇರಿಸಿ ಕಾಡಿನ ಕಡೆ ಹೊರಟವನಿಗೆ ಊರಲ್ಲಿ ಮರ್ಯಾದೆ ಇರುತ್ತಿರಲಿಲ್ಲ. ಮರಿ ಜೊತೆಗಿರುವ ಹೆಣ್ಣಿನ ಮೇಲೆ ಗುರಿಯಿಡುವಂತಿಲ್ಲ, ಕೊಂಬಿನ ತೊಗಲು ಇನ್ನೂ ಕಳಚದ ಸಾರಗವನ್ನು, ಅಂದರೆ ಚುಕ್ಕೆ ಜಿಂಕೆಯನ್ನು, ಮುಟ್ಟುವಂತಿಲ್ಲ. ಇದನ್ನೆಲ್ಲ ದೊಡ್ಡ ಧರ್ಮವೆಂದು ನಾನು ಹೊಗಳಲಾರೆ. ಅರ್ಧ ಕಾರಣ, ಆಗ ಕಳೆ, ಕುಂಟೆ, ನಾಟಿ ಎಂದು ಮೈತುಂಬ ಕೆಲಸ. ಇನ್ನರ್ಧ, ಥಂಡಿ ಹಿಡಿದ ಮದ್ದು ಹತ್ತುತ್ತಿರಲಿಲ್ಲ. ಕಾರಣ ಯಾವುದಾದರೇನು, ಕಾಡಿಗೆ ಮೂರ್ನಾಲ್ಕು ತಿಂಗಳು ಬಿಡುವು ಸಿಗುತ್ತಿತ್ತು. 1972ರ ಕಾಯ್ದೆಯ ಹಳೆಯ ರೂಪದಲ್ಲೂ ಮರಿಯನ್ನು, ಹೆಣ್ಣನ್ನು, ತೊಗಲುಗೊಂಬಿನ ಜಿಂಕೆಯನ್ನು ಹೊಡೆಯಬಾರದೆಂದು ಬರೆದಿತ್ತು.

ಕಾಡು ಉಳಿಸಿದ್ದೇ ಬೇಟೆಗಾರರು ಎಂದು ಕೆಲವರು ಈಗ ಮೀಸೆ ತಿರುವುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬೇಟೆಯ ಪ್ರಾಣಿಗಳನ್ನು ಜೀವಂತದಂತೆ ನಿಲ್ಲಿಸಿ ಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆ 1999ರಲ್ಲಿ ಬಾಗಿಲು ಹಾಕುವ ಹೊತ್ತಿಗೆ ಅಲ್ಲಿ ಕಾಗದದ ಅಚ್ಚಿನ ಮೇಲೆ ತೊಗಲು ಹೊದಿಸಿಕೊಂಡು ಹೋದ ಹುಲಿ, ಚಿರತೆ ಸಾವಿರಾರು. ಅವೆಲ್ಲ ವಯಸ್ಸಾಗಿ ಸತ್ತವಲ್ಲ. ಬೇಟೆ ನಿಲ್ಲಿಸಿದ್ದು ಸರಿಯಾಯಿತು. 2022ರ ಗಣತಿಯಲ್ಲಿ ರಾಜ್ಯಕ್ಕೆ 563 ಹುಲಿ, ಬಂಡೀಪುರಕ್ಕೆ 150, ನಾಗರಹೊಳೆಗೆ 141 ಎಂದು ಬಂತು. ನಮ್ಮಪ್ಪನ ಕಾಲದಲ್ಲಿ ಹುಲಿ ಕಂಡೆ ಎಂದವನ ಮನೆ ಮುಂದೆ ಜನ ಸೇರುತ್ತಿದ್ದರು. ಈಗ ನಮ್ಮ ಮನೆಯ ಹಸು ಕಾಯುವ ಹುಡುಗನೂ ಕಂಡಿದ್ದಾನೆ.

ಬೇಟೆಯ ಮನೆಯಲ್ಲಿ ಹೆಂಗಸರ ಲೆಕ್ಕ ಬೇರೆಯಿತ್ತು. ಮಾಂಸ ಒಳಮನೆಗೆ ಬರುವ ಹಾಗಿಲ್ಲ. ಅವ್ವ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಅದಕ್ಕೆಂದೇ ಇಟ್ಟಿದ್ದ ಮಡಕೆಯಲ್ಲಿ ಬೇಯಿಸುತ್ತಿದ್ದಳು. ಒಲೆ ಹತ್ತಿಸುವ ಮೊದಲು ಪಾಲು. ಮುತ್ತುಗದ ಎಲೆ ಹಾಸಿ ಗುಡ್ಡೆ ಹಾಕುತ್ತಿದ್ದರು. ಹೊಡೆದವನಿಗೆ ತಲೆ ಮತ್ತು ಒಂದು ತೊಡೆ, ಸೋವಿ ಪ್ರಾಣಿ ಎಬ್ಬಿಸಿದವರಿಗೆಲ್ಲ ಸಮಪಾಲು, ನಾಯಿಗೊಂದು ಪಾಲು, ಊರಲ್ಲಿ ಬಸುರಿ ಬಾಣಂತಿ ಇದ್ದ ಮನೆಗೆ ಅವರು ಕೇಳದೆಯೇ ಒಂದು. ಗುಡ್ಡೆ ಚಿಕ್ಕದಾಯಿತೆಂದು ಜಗಳವೂ ಆಗುತ್ತಿತ್ತು, ಅದನ್ನು ಮುಚ್ಚಿಡುವುದೇಕೆ. ಆದರೆ ಮಾರಾಟ ಇರಲಿಲ್ಲ. ಮಾರಾಟವಿಲ್ಲದ ಕಡೆ ಒಂದು ಹಂದಿ ಸಿಕ್ಕರೆ ಇನ್ನೊಂದಕ್ಕೆ ಯಾರೂ ಹೋಗುವುದಿಲ್ಲ, ಉಳಿದದ್ದನ್ನು ಇಡಲು ಫ್ರಿಜ್ಜಾದರೂ ಎಲ್ಲಿತ್ತು? ಈಗ ಯುಗಾದಿ ಮಾರನೆಯ ದಿನದ ವರ್ಷತೊಡಕಿಗೆ ವಾರ ಮುಂಚೆಯೇ ಫೋನಿನಲ್ಲಿ ಕೇಜಿ ಲೆಕ್ಕದ ಮಾತು ಮುಗಿದಿರುತ್ತದೆ. ಪೇಟೆಯಿಂದ ಕಾರಿನಲ್ಲಿ ಬಂದು ಕೊಳ್ಳುವವರಿದ್ದಾರೆ. ನನ್ನ ಹೆಂಡತಿ ಅಂಥವರನ್ನು ಕಂಡರೆ ನೇರವಾಗಿ ಕೇಳುತ್ತಾಳೆ: "ಸಂತೇಲಿ ಕುರಿ ಇಲ್ವಾ? ಹಂದಿ ತಿನ್ನಕೆ ಜೈಲಿಗ್ ಹೋಗ್ಬೇಕಾ?"

ಈ ಮಾರಾಟದ ಮಾಂಸ ಕೋವಿಯಿಂದ ಬರುತ್ತಿಲ್ಲ, ಸ್ವಾಮಿ. ಕೋವಿ ಸದ್ದು ಮಾಡುತ್ತದೆ, ಗಾರ್ಡ್ ಓಡಿ ಬರುತ್ತಾನೆ. ಬರುತ್ತಿರುವುದು ಉರುಳಿನಿಂದ. ಬೈಕಿನ ಕ್ಲಚ್ ವೈರ್, ಒಂದು ಗೂಟ, ಅಷ್ಟೇ ಬಂಡವಾಳ. ಹಾಕಿದವನು ಮನೆಯಲ್ಲಿ ಮಲಗಿರುತ್ತಾನೆ. ಉರುಳಿಗೆ ಆರಿದ್ರಾ ಮಳೆಯೂ ಗೊತ್ತಿಲ್ಲ, ಆಯುಧಪೂಜೆಯೂ ಗೊತ್ತಿಲ್ಲ. ಹಂದಿ ಯಾವುದು, ಗಬ್ಬದ ಜಿಂಕೆ ಯಾವುದು, ಚಿರತೆ ಯಾವುದು ಎಂದು ಅದು ನೋಡುವುದಿಲ್ಲ. ಕಾಲು ಸಿಕ್ಕಿಸಿಕೊಂಡು ಹೇಗೋ ಕಿತ್ತುಕೊಂಡು ಹೋದ ಹುಲಿಗೆ ಆಮೇಲೆ ಕಡವೆ ಹಿಡಿಯಲು ಆಗುವುದಿಲ್ಲ. ಅದು ಬರುವುದು ನಮ್ಮ ಕೊಟ್ಟಿಗೆಗೆ, ಇಲ್ಲವೇ ಹಸು ಕಾಯುವವನ ಮೇಲೆ. ಆಗ ದಸರಾ ಆನೆ ಬರುತ್ತದೆ, ಡ್ರೋನ್ ಬರುತ್ತದೆ, ಬೋನು ಬರುತ್ತದೆ, ನೀವೂ ಬರುತ್ತೀರಿ.

ಹೋದ ಸಲ ಜೋಳ ಹಾಲುಗಾಳು ಕಟ್ಟಿದ ಹೊತ್ತಿನಲ್ಲಿ ನಮ್ಮ ನಾಯಿ ರಾತ್ರಿ ಮನೆಗೆ ಬರಲಿಲ್ಲ. ಬೆಳಿಗ್ಗೆ ಹುಡುಕುತ್ತ ಹೋದರೆ ಹೊಲದ ಕೊನೆಯಲ್ಲಿ, ಲಂಟಾನದ ಕೆಳಗಿನ ಕಂಡಿಯಲ್ಲಿ ಸುಮ್ಮನೆ ಕೂತಿತ್ತು. ಕುತ್ತಿಗೆಗೆ ತಂತಿ. ಸಾಕಿದ ನಾಯಿ ಉರುಳಿಗೆ ಬಿದ್ದರೆ ಎಷ್ಟೋ ಸಲ ಹೀಗೇ ಕೂತುಬಿಡುತ್ತದೆ, ಯಾರಾದರೂ ಬಂದು ಬಿಡಿಸುತ್ತಾರೆಂಬ ನಂಬಿಕೆ ಅದಕ್ಕೆ. ಅದಕ್ಕೇ ಬದುಕಿಕೊಂಡಿತು. ಕಾಡಿನ ಪ್ರಾಣಿ ಎಳೆಯುತ್ತದೆ, ಎಳೆದಷ್ಟೂ ತಂತಿ ಮಾಂಸಕ್ಕೆ ಇಳಿಯುತ್ತದೆ. ಆ ಬೇಲಿಯ ಉದ್ದಕ್ಕೂ ನಡೆದೆ. ಇನ್ನೂ ಇದ್ದವು. ಕಟ್ಟಿದವನು ಯಾರೆಂದು ನನಗೆ ಗೊತ್ತು, ಅವನ ಮಕ್ಕಳೂ ಗೊತ್ತು. ಹೆಸರು ಇಲ್ಲಿ ಬರೆಯುವುದಿಲ್ಲ. ಹಂದಿ ಅವನ ಅರ್ಧ ಎಕರೆ ಜೋಳ ಉತ್ತು ಹಾಕಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಉರುಳು ಹುಡುಕುವುದು ನೆಲ ನೋಡುತ್ತ ನಡೆದರೆ ಆಗುವ ಕೆಲಸವಲ್ಲ. ಮೊದಲು ಬೇಲಿಯ ಕಂಡಿ ನೋಡಬೇಕು. ಕೆಳಗಿನ ಮುಳ್ಳುತಂತಿಯಲ್ಲಿ ಹಂದಿಯ ಬಿರುಗೂದಲು ಸಿಕ್ಕಿದೆಯೇ, ಪಕ್ಕದ ಮರದ ಬುಡದಲ್ಲಿ ಮೊಣಕಾಲೆತ್ತರಕ್ಕೆ ಕೆಸರು ಉಜ್ಜಿದೆಯೇ ನೋಡಬೇಕು. ಹಾಗಿದ್ದರೆ ಅದು ದಿನಾ ಓಡಾಡುವ ದಾರಿ. ಆ ದಾರಿಯ ಎರಡೂ ಮಗ್ಗುಲಿಗೆ ಯಾರೋ ತರಗು, ಮುಳ್ಳುಕಂಟಿ ಸರಿಸಿಟ್ಟಂತೆ ಕಂಡರೆ ಅಲ್ಲಿ ನಿಲ್ಲಬೇಕು. ಪ್ರಾಣಿಯನ್ನು ನಡುವೆ ತರುವುದಕ್ಕೆ ಇಟ್ಟದ್ದು ಅದು. ಕಡಿದ ಕಡ್ಡಿಯ ತುದಿ ಬೆಳ್ಳಗಿದ್ದರೆ ನಿನ್ನೆಯದು, ಕಂದಿದ್ದರೆ ಹಳೆಯದು. ಇಷ್ಟನ್ನು ನಮ್ಮ ಕಡೆಯ ಮುದುಕರು ಬೀಡಿ ಸೇದುತ್ತ ಹೇಳಿಬಿಡುತ್ತಾರೆ. ನಮಗಿಂತಲೂ ಚೆನ್ನಾಗಿ ಬಲ್ಲವರು ಜೇನುಕುರುಬರು, ಬೆಟ್ಟಕುರುಬರು. 1971ರಲ್ಲಿ ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಕೊನೆಯ ಖೆಡ್ಡಾ ಆಗುವವರೆಗೆ ಆನೆಯ ಜಾಡು ಹಿಡಿದು ಕೊಟ್ಟವರು ಅವರೇ. ಖೆಡ್ಡಾದ ಜಾಗ ಈಗ ಕಬಿನಿ ಹಿನ್ನೀರಿನ ಕೆಳಗಿದೆ. ಜಾಡು ಹಿಡಿಯುವ ಕಣ್ಣು ಹಾಡಿಗಳಲ್ಲಿ ಇನ್ನೂ ಇದೆ, ಆದರೆ ಆ ಹುಡುಗರು ಕೊಡಗಿನ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಾರೆ.

ನಿಮ್ಮ ಸಿಬ್ಬಂದಿ ಕೆಲಸ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅವರು ನಡೆಯುವ ದಾರಿಯೇ ಬೇರೆ. ಹುಲಿ ಸಂರಕ್ಷಿತ ಪ್ರದೇಶದ ಗಸ್ತು ಕಾಡಿನ ಒಳಗಿನ ಬೀಟಿನಲ್ಲಿ, ಫೋನಿನ ಆ್ಯಪ್ ಹಿಡಿದು. ಉರುಳಿರುವುದು ಆನೆ ಕಂದಕದ ಈಚೆ, ಸೋಲಾರ್ ಬೇಲಿಗೂ ಹೊಲದ ಬದುವಿಗೂ ನಡುವೆ. ಅಲ್ಲಿಗೆ ವನ್ಯಜೀವಿ ವಿಭಾಗದವರು ಇದು ಪ್ರಾದೇಶಿಕ ವಿಭಾಗದ್ದು ಎನ್ನುತ್ತಾರೆ, ಪ್ರಾದೇಶಿಕದವರು ಇದು ಖಾಸಗಿ ಜಮೀನು ಎನ್ನುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ.

ಉರುಳಿಗೆ ಋತುವಿಲ್ಲ, ಹಾಕುವವನಿಗೆ ಮಾತ್ರ ಎರಡು ಸುಗ್ಗಿ. ಒಂದು, ಗಣೇಶನ ಹಬ್ಬದಿಂದ ದೀಪಾವಳಿಯವರೆಗೆ, ಜೋಳ ರಾಗಿ ಹೊಲದಲ್ಲಿ ನಿಂತಿರುವಾಗ. ಅದು ಬೆಳೆ ಉಳಿಸಿಕೊಳ್ಳುವ ಉರುಳು. ಇನ್ನೊಂದು, ಶಿವರಾತ್ರಿಯಿಂದ ಯುಗಾದಿವರೆಗೆ, ಕೆರೆಕಟ್ಟೆ ಬತ್ತಿ ಪ್ರಾಣಿಗಳು ಒಂದೇ ನೀರಿಗೆ ಬರುವಾಗ. ಅದು ದುಡ್ಡಿನ ಉರುಳು. ಎರಡನೆಯ ಹೊತ್ತಿಗೆ ಬೆಂಕಿ ಕಾವಲಿನ ಹುಡುಗರು ಹೇಗೂ ಕಾಡಂಚಿನಲ್ಲಿರುತ್ತಾರೆ. ಅವರಿಗೆ ಉರುಳು ನೋಡುವುದನ್ನೂ ಕಲಿಸಿದರೆ ಸಾಕು. ಮೊದಲನೆಯ ಹೊತ್ತಿಗೆ ಯಾರೂ ಇರುವುದಿಲ್ಲ. ನಾನು ಕೇಳುತ್ತಿರುವ ಕೂಲಿ ಆ ತಿಂಗಳುಗಳದ್ದು.

ಇದನ್ನು ಮಾಡುವಾಗ ಒಂದು ಎಚ್ಚರಿಕೆ. ಉರುಳಿಗಿಷ್ಟು ಎಂದು ಇನಾಮು ಕಟ್ಟಬೇಡಿ. ನಮ್ಮವರನ್ನು ನಾನು ಬಲ್ಲೆ, ಬೆಳಿಗ್ಗೆ ಕಟ್ಟಿ ಸಂಜೆ ತಂದೊಪ್ಪಿಸುತ್ತಾರೆ. ದಿನಗೂಲಿ ಕೊಡಿ, ತಿಂಗಳಿಗೆ ಸರಿಯಾಗಿ ಕೊಡಿ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷ ಹಾಕಿದ ಹಸುವಿನ ಮಾಂಸ ತಿಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತವಲ್ಲ, ಆಗ ಹೊರಗುತ್ತಿಗೆಯ ಕಾವಲುಗಾರರಿಗೆ ತಿಂಗಳುಗಟ್ಟಲೆ ಸಂಬಳವಾಗಿರಲಿಲ್ಲ ಎಂದೂ ಪತ್ರಿಕೆಗಳಲ್ಲಿ ಬಂತು. ಮಾದಪ್ಪ ಹುಲಿ ಏರಿ ತಿರುಗಿದ ಬೆಟ್ಟ ಅದು. ಕೂಲಿ ಬರದ ಕಾವಲುಗಾರ ಎಷ್ಟು ದೂರ ನಡೆದಾನು?

ನಮ್ಮ ಊರುಗಳಲ್ಲಿ ಈಗ ಇನ್ನೊಂದು ಮಾತು ಓಡಾಡುತ್ತಿದೆ, ನಿಮ್ಮ ಕಿವಿಗೂ ಬಿದ್ದಿರುತ್ತದೆ. ಪಕ್ಕದ ಕೇರಳದಲ್ಲಿ 2022ರಿಂದ ಪಂಚಾಯ್ತಿ ಅಧ್ಯಕ್ಷರೇ ಹಂದಿ ಹೊಡೆಯಲು ಆದೇಶ ಕೊಡಬಹುದು, ನಮಗೂ ಹಾಗೇ ಮಾಡಿಕೊಡಿ ಎಂದು. ಸಭೆಗಳಲ್ಲಿ ಇದಕ್ಕೆ ಜೋರು ಚಪ್ಪಾಳೆ. ಕೋವಿ ಹಿಡಿದ ಮನೆಯವನಾಗಿ ನನ್ನ ಅಭಿಪ್ರಾಯ ಕೇಳಿದರೆ, ಬೇಡ. ರಾತ್ರಿ ಆಳೆತ್ತರದ ಜೋಳದೊಳಗೆ ಹಂದಿಗೆ ಗುರಿ ಹಿಡಿಯಬಲ್ಲವರು ಈಗ ಯಾರಿದ್ದಾರೆ? ಲೈಸೆನ್ಸ್ ಇರುವ ಬಹುಪಾಲು ಮಂದಿಗೆ ನನ್ನ ಹಾಗೆ ಕಣ್ಣಿನ ಪೊರೆ ತೆಗೆದಾಗಿದೆ. ಗಾಯಗೊಂಡ ಹಂದಿಯನ್ನು ಬೆಳಗಿನ ಜಾವ ಎದುರುಗೊಳ್ಳುವವಳು ಹುಲ್ಲಿಗೆ ಹೋದ ಹೆಂಗಸು. ಇನ್ನು ಕೋವಿ ಕೈಗೆ ಬಂದ ಮೇಲೆ ಜನ ಹೊಡೆಯುವುದು ಮಾಂಸ ಹೆಚ್ಚಿರುವ ಒಂಟಿ ಗಂಡುಹಂದಿಯನ್ನೇ. ಹೊಲ ಹಾಳು ಮಾಡುವ ಹೆಣ್ಣುಹಂದಿ ತನ್ನ ಮರಿಗಳ ಹಿಂಡು ಕಟ್ಟಿಕೊಂಡು ಆರಾಮವಾಗಿ ಮೇಯುತ್ತಿರುತ್ತದೆ.

ಹಾಗಾದರೆ ಜೋಳ ಕಳೆದುಕೊಂಡವನ ಗತಿ? ಇ-ಪರಿಹಾರ ಎಂದು ಕಂಪ್ಯೂಟರಿನಲ್ಲಿ ವ್ಯವಸ್ಥೆ ಇದೆ, ಸಂತೋಷ. ಆದರೆ ಅದು ಪಹಣಿ ಕೇಳುತ್ತದೆ. ನಮ್ಮ ಕಡೆ ಎಷ್ಟೋ ಪಹಣಿಗಳು ಸತ್ತುಹೋದ ತಾತನ ಹೆಸರಿನಲ್ಲೇ ಇವೆ, ಅಣ್ಣತಮ್ಮಂದಿರ ಜಗಳದಲ್ಲಿ ಪೌತಿ ಖಾತೆಯಾಗಿಲ್ಲ. ಉಳುವವನೊಬ್ಬ, ಹೆಸರಿರುವವನು ಸ್ಮಶಾನದಲ್ಲಿ. ಅವನಿಗೆ ಬರುವ ಪರಿಹಾರ ಸೊನ್ನೆ, ಕ್ಲಚ್ ವೈರ್ ಮಾತ್ರ ಗ್ಯಾರೇಜಿನಲ್ಲಿ ಪುಕ್ಕಟೆ. ಕಂದಾಯ ಸಚಿವರು ನಿಮ್ಮ ಪಕ್ಕದಲ್ಲೇ ಕೂರುತ್ತಾರೆ. ಕಾಡಂಚಿನ ಹೋಬಳಿಗಳಿಗಾದರೂ, ಸ್ಥಳ ಮಹಜರು ಮಾಡಿ ಉಳುವವನ ಕೈಗೇ ಪರಿಹಾರ ಕೊಡಲು ದಾರಿ ಇದೆಯೇ ಎಂದು ಒಂದು ಮಾತು ಕೇಳಿ ನೋಡಿ.

ತಿ. ನರಸೀಪುರದಲ್ಲಿ 2022-23ರಲ್ಲಿ ಚಿರತೆಗೆ ನಾಲ್ಕು ಜನ ಬಲಿಯಾದ ಮೇಲೆ ಮೈಸೂರು ಜಿಲ್ಲೆಗೆ ಚಿರತೆ ಕಾರ್ಯಪಡೆ ಬಂತು. ಸಾವಾದ ಮೇಲೆ ಪಡೆ ಕಟ್ಟಲು ಸರ್ಕಾರಕ್ಕೆ ಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಉರುಳಿನ ಪಡೆಗೆ ಅಷ್ಟು ದೊಡ್ಡ ಹೆಸರೂ ಬೇಡ, ಜೀಪೂ ಬೇಡ. ಒಂದೊಂದು ಪಂಚಾಯ್ತಿಗೆ ನಾಲ್ಕು ಜನ, ಕೈಯಲ್ಲೊಂದು ತಂತಿ ಕತ್ತರಿಸುವ ಇಕ್ಕಳ, ಜೊತೆಗೆ ದಾರಿ ಹೇಳಲು ಒಬ್ಬ ಮುದುಕ. ಸಿಕ್ಕ ಮೊದಲ ಉರುಳಿಗೇ ಊರಿನವನ ಮೇಲೆ ಕೇಸು ಹಾಕುವ ಆತುರ ತೋರಿಸಬೇಡಿ. ಹಾಗೆ ಮಾಡಿದರೆ ಮಾರನೆಯ ದಿನ ಯಾರೂ ನಿಮಗೆ ದಾರಿ ಹೇಳುವುದಿಲ್ಲ. ಮಾಂಸ ಮಾರುವವನ ಮಾತು ಬೇರೆ, ಅವನನ್ನು ಬಿಡಬೇಡಿ.

ನೀವಾಗಲಿ ನಿಮ್ಮ ಅಧಿಕಾರಿಗಳಾಗಲಿ ಬಂದು ನೋಡುವುದಾದರೆ ಜೋಳ ತೆನೆಗಟ್ಟಿದ ಮೇಲೆ ಬನ್ನಿ, ಬೆಳಿಗ್ಗೆ ಆರಕ್ಕೆ. ಹನ್ನೊಂದಕ್ಕೆ ಬಂದರೆ ಇಬ್ಬನಿ ಆರಿ ಜಾಡು ಕಾಣುವುದಿಲ್ಲ, ಹಾರ ತುರಾಯಿ ಹಿಡಿದ ಜನವೂ ಸೇರಿಬಿಡುತ್ತಾರೆ. ಗಾಡಿಗಳನ್ನು ಟಾರು ರಸ್ತೆಯಲ್ಲೇ ಬಿಟ್ಟು ಬನ್ನಿ, ಬದುವಿನ ಮೇಲೆ ನಡೆಯೋಣ. ಕಾಫಿ ನಮ್ಮ ಮನೆಯಲ್ಲಿ.

ಇಂತಿ ತಮ್ಮ ವಿಶ್ವಾಸಿ,
ಅಂತರಸಂತೆ ಕಡೆಯ ಒಬ್ಬ ರೈತ
ಹೆಗ್ಗಡದೇವನಕೋಟೆ ತಾಲ್ಲೂಕು, ಮೈಸೂರು ಜಿಲ್ಲೆ