ಆ ಚಿತ್ರವನ್ನು ದೊಡ್ಡದಾಗಿ ಹಾಕಿ

ಸಂಪಾದಕರಿಗೆ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ವ್ಯಂಗ್ಯಚಿತ್ರಗಳ ಲೇಖನ ಓದಿ ಖುಷಿಯಾಯಿತು. ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಇಂಥ ಪುಟಗಳನ್ನು ಕತ್ತರಿಸಿಟ್ಟು ಮಕ್ಕಳಿಗೆ ತೋರಿಸುವುದು ನನ್ನ ಅಭ್ಯಾಸ. ಆದರೆ ಫ್ರಾನ್ಸಿನ ಒನೊರೆ ದೊಮಿಯೆ ಬರೆದ ‘ಶಾಸಕಾಂಗದ ಹೊಟ್ಟೆ’ ಚಿತ್ರವನ್ನು ಅಂಚೆಚೀಟಿಯಷ್ಟು ಚಿಕ್ಕದಾಗಿ ಹಾಕಿದ್ದೀರಿ. ಕೆಳಗೆ ‘ಡೊಳ್ಳುಹೊಟ್ಟೆಯ ರಾಜಕಾರಣಿಗಳು’ ಎಂದಷ್ಟೇ ಇದೆ. ತುಂಬಾ ಬೇಜಾರಾಯಿತು.

ಅದರಲ್ಲಿ ಹೊಟ್ಟೆಗಿಂತ ಜಾಸ್ತಿ ನೋಡಬೇಕಾದ್ದು ಮುಖಗಳನ್ನು. 1834ರ ಪ್ಯಾರಿಸ್. ಸಂಸತ್ತಿನಲ್ಲಿ ಸರ್ಕಾರದ ಕಡೆಯವರ ಬೆಂಚುಗಳು. ಮಂತ್ರಿಗಳು, ಸದಸ್ಯರು ಸೇರಿ 35 ಮಂದಿ ಸಾಲುಸಾಲಾಗಿ ಕೂತಿದ್ದಾರೆ. ಕೆಲವರು ತೂಕಡಿಸುತ್ತಿದ್ದಾರೆ, ಕೆಲವರು ಪಿಸುಗುಟ್ಟುತ್ತಿದ್ದಾರೆ. ಭಾಷಣ ಮಾಡುವವನು ಮಾತ್ರ ಚಿತ್ರದಲ್ಲಿ ಎಲ್ಲೂ ಇಲ್ಲ. ನೋಡುವ ನಾವೇ ಅವರೆದುರು ಮಾತಾಡಲು ನಿಂತ ಹಾಗಿದೆ, ಕೇಳುವವರು ಯಾರೂ ಇಲ್ಲ! ವರ್ಷಕ್ಕೆ 200 ಫ್ರಾಂಕ್ ನೇರ ತೆರಿಗೆ ಕಟ್ಟುವ ಗಂಡಸರಿಗಷ್ಟೇ ಆಗ ಅಲ್ಲಿ ಮತವಿತ್ತು. ಉಳಿದ ಜನರ ಮಾತನ್ನು ಅಲ್ಲಿ ಯಾರು ಕೇಳಬೇಕಿತ್ತು?

ದೊಮಿಯೆಗೆ ಆಗಿನ್ನೂ 25 ವರ್ಷ. ಇಂಥ ಸದಸ್ಯರ ತಲೆಗಳನ್ನು ಜೇಡಿಮಣ್ಣಿನಲ್ಲಿ ಮಾಡಿ ಬಣ್ಣ ಹಚ್ಚಿದ್ದರು. ಅವುಗಳಲ್ಲಿ 36 ಈಗಲೂ ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂನಲ್ಲಿವೆ. ಮಣ್ಣಲ್ಲಿ ಪಳಗಿದ ಕೈ ಅಲ್ವಾ, ಅದಕ್ಕೇ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಅಚ್ಚು ಹಾಕಿದ ಈ ಚಿತ್ರದಲ್ಲೂ ಒಂದೊಂದು ಕೆನ್ನೆ, ಮೂಗು ಮುಟ್ಟಿದರೆ ಸಿಗುವಂತಿದೆ. ಗಿಜೊ, ತಿಯೇರ್ ಅವರಂಥ ಮಂತ್ರಿಗಳನ್ನು ಆಗಿನ ಓದುಗರು ನೋಡಿದ ಕೂಡಲೇ ಗುರುತಿಸುತ್ತಿದ್ದರು.

ಇದನ್ನು ಬರೆಯಲು ಧೈರ್ಯವೂ ಬೇಕಿತ್ತು. ದೊರೆ ಲೂಯಿ ಫಿಲಿಪ್ ಜನರ ದುಡ್ಡನ್ನು ನುಂಗುವಂತೆ ಬರೆದದ್ದಕ್ಕೆ 1832ರಲ್ಲೇ ದೊಮಿಯೆ ಜೈಲು ಸೇರಿದ್ದರು. ಅವರ ಪ್ರಕಾಶಕ ಶಾರ್ಲ್ ಫಿಲಿಪೊ ತಮ್ಮ ಪತ್ರಿಕೆಗಳಿಗೆ ಬೀಳುತ್ತಿದ್ದ ದಂಡ ಕಟ್ಟಲೆಂದೇ ತಿಂಗಳಿಗೊಂದು ದೊಡ್ಡ ಚಿತ್ರ ಅಚ್ಚು ಮಾಡಿ ಚಂದಾದಾರರಿಗೆ ಕೊಡುತ್ತಿದ್ದರು. ಇದು ಅಂಥದ್ದರಲ್ಲಿ ಒಂದು. ಮರುವರ್ಷ, 1835ರ ಸೆಪ್ಟೆಂಬರ್‌ನಲ್ಲಿ, ಸರ್ಕಾರದ ಒಪ್ಪಿಗೆ ಇಲ್ಲದೆ ಚಿತ್ರ ಪ್ರಕಟಿಸಬಾರದೆಂದು ಕಾನೂನೇ ಬಂತು. ಬರಹಕ್ಕೆ ಹಾಗೆ ಮೊದಲೇ ಒಪ್ಪಿಗೆ ಬೇಕಿರಲಿಲ್ಲ. ಆಳುವವರು ಚಿತ್ರಕ್ಕೆ ಎಷ್ಟು ಹೆದರಿದ್ದರು ನೋಡಿ.

ಅಷ್ಟು ಕಷ್ಟಪಟ್ಟು ಹೊರಬಂದ ಮುಖಗಳು ನಮ್ಮ ಮಕ್ಕಳಿಗೆ ಕಾಣದೆ ಹೋಗಬಾರದು. ದಯವಿಟ್ಟು ಇನ್ನೊಮ್ಮೆ ಅರ್ಧ ಪುಟದಲ್ಲಾದರೂ ಅದನ್ನು ಹಾಕಿ. ಯಾರು ಎಲ್ಲಿ ಕೂತಿದ್ದಾರೆ ಎಂದು ಹೆಸರುಗಳನ್ನೂ ಕೊಡಿ.

– ಚಿತ್ರಕಲಾ ಶಿಕ್ಷಕಿ, ಧಾರವಾಡ