ಅಯಾನಿನ ಪಾಠ ಲೋಟದಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ಒಂಬತ್ತನೇ ತರಗತಿಯ ಮಕ್ಕಳು ಒಂದೇ ವರ್ಷದಲ್ಲಿ ವೇಲೆನ್ಸಿ (ಪರಮಾಣುವಿನ ಸಂಯೋಗ ಸಾಮರ್ಥ್ಯ), ಅಯಾನಿಕ ಸಂಯುಕ್ತ, ಆಮ್ಲ, ಪ್ರತ್ಯಾಮ್ಲ, ಲವಣ ಇಷ್ಟನ್ನೂ ದಾಟಬೇಕು. ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ, ಅದರಲ್ಲೂ ಹೊತ್ತು ಸಾಲದ ರಾತ್ರಿ ಶಾಲೆಗಳಲ್ಲಿ, ಈ ಪಾಠ ವೇಲೆನ್ಸಿ ಪಟ್ಟಿಯ ಬಾಯಿಪಾಠದಿಂದ ಶುರುವಾಗುವುದೇ ಹೆಚ್ಚು. ಈ ಕ್ರಮವನ್ನು ತಿರುಗಿಸಬೇಕೆಂಬುದು ನಮ್ಮ ಕಳಕಳಿಯ ಕೋರಿಕೆ. ಅಯಾನು, ಅಂದರೆ ವಿದ್ಯುತ್ ಚಾರ್ಜ್ ಇರುವ ಪರಮಾಣು ಅಥವಾ ಪರಮಾಣುಗಳ ಗುಂಪು, ಇದೆ ಎಂಬ ಪುರಾವೆ ಮೊದಲು ಕಣ್ಣಿಗೆ ಬೀಳಲಿ, ಸೂತ್ರ ಆಮೇಲೆ ಬರಲಿ.

ಬೇಕಾದದ್ದು 9 ವೋಲ್ಟಿನ ಒಂದು ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, 470 ಓಮಿನ ಒಂದು ರೆಸಿಸ್ಟರ್, ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್, ಸ್ವಲ್ಪ ತಂತಿ. ಪೆನ್ಸಿಲ್ ಬಿಟ್ಟು ಉಳಿದವು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಎಲ್ಲವನ್ನೂ ತಂತಿಯಿಂದ ಒಂದರ ಹಿಂದೊಂದು ಜೋಡಿಸಿ, ಎರಡು ಪೆನ್ಸಿಲ್ ಮೊನೆಗಳ ನಡುವೆ ಮಾತ್ರ ಬಿಡುವಿರಲಿ; ಅಲ್ಲಿ ವಿದ್ಯುತ್ ಹರಿದರೆ ಎಲ್‌ಇಡಿ ಹೊತ್ತುತ್ತದೆ. ಎಲ್‌ಇಡಿಯ ಉದ್ದ ಕಾಲು ಬ್ಯಾಟರಿಯ ಧನ ತುದಿಯ ಕಡೆಗಿರಬೇಕು. ತಿರುಗುಮುರುಗಾದರೆ ಯಾವ ದ್ರಾವಣದಲ್ಲೂ ಹೊತ್ತುವುದಿಲ್ಲ, ಮಕ್ಕಳು ಉಪ್ಪುನೀರಲ್ಲೂ ವಿದ್ಯುತ್ ಹರಿಯದೆಂದು ಬರೆದುಕೊಳ್ಳುತ್ತಾರೆ. ಆದ್ದರಿಂದ ಮೊದಲು ಎರಡೂ ಪೆನ್ಸಿಲ್ ಮೊನೆಗಳನ್ನು ಒಂದಕ್ಕೊಂದು ತಾಗಿಸಿ ನೋಡಿ, ಹೊತ್ತಿದರೆ ಜೋಡಣೆ ಸರಿ. ಪೆನ್ಸಿಲ್‌ಗಳನ್ನು ರಟ್ಟಿನ ತುಂಡಿನಲ್ಲಿ 1 ಸೆಂ.ಮೀ. ಅಂತರಕ್ಕೆ ಸಿಕ್ಕಿಸಿ, ಪ್ರತಿ ಲೋಟದಲ್ಲೂ ಮೊನೆಗಳು ಅಷ್ಟೇ ಆಳಕ್ಕೆ ಮುಳುಗುವಂತೆ ನೋಡಿಕೊಳ್ಳಿ. ಇಲ್ಲವಾದರೆ ಬೆಳಕಿನ ಹೋಲಿಕೆಗೆ ಅರ್ಥವಿರುವುದಿಲ್ಲ. ಮನೆಯ ಕರೆಂಟನ್ನಂತೂ ಎಂದೂ ಬಳಸಕೂಡದು.

ನೀರು ಡಿಸ್ಟಿಲ್ಡ್ ಆಗಿರಲೇಬೇಕು. ನಲ್ಲಿಯ ನೀರಿನಲ್ಲೇ ಕರಗಿದ ಲವಣವಿರುವುದರಿಂದ ಎಲ್‌ಇಡಿ ಮಂಕಾಗಿ ಹೊತ್ತುತ್ತದೆ. ಅದಕ್ಕೆ ಸಕ್ಕರೆ ಹಾಕಿದರೆ, ಸಕ್ಕರೆಯೂ ಅಯಾನುಗಳಾಗಿ ಒಡೆಯುತ್ತದೆಂಬ ತಪ್ಪು ತಿಳಿವಳಿಕೆ ಆ ಕ್ಷಣದಲ್ಲೇ ಹುಟ್ಟುತ್ತದೆ. ವಾಹನದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಸಾಕು, ಆದರೆ ಲೇಬಲ್ ಓದಿಯೇ ಕೊಳ್ಳಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆ್ಯಸಿಡ್ ಕೂಡ ಇರುತ್ತದೆ, ಅದು ಗಂಧಕಾಮ್ಲ.

ಮೊದಲು ಒಣ ಉಪ್ಪು, ಆಮೇಲೆ ಬರೀ ನೀರು, ಸಕ್ಕರೆ ನೀರು, ಕೊನೆಗೆ 100 ಮಿ.ಲೀ. ನೀರಿಗೆ ಅರ್ಧ ಚಮಚ ಉಪ್ಪು. ಪ್ರತಿ ಸಲವೂ ಮೊನೆಗಳನ್ನು ಡಿಸ್ಟಿಲ್ಡ್ ನೀರಿನಲ್ಲೇ ತೊಳೆಯಬೇಕು. ಮುಂಬಯಿಯ ಮಳೆಗಾಲದಲ್ಲಿ ಒಂದು ತೊಡಕಿದೆ: ತೇವ ಹೀರಿದ ಉಪ್ಪು ‘ಒಣ’ಗಿದ್ದಂತೆ ಕಂಡರೂ ಎಲ್‌ಇಡಿಯನ್ನು ಸಣ್ಣಗೆ ಹೊತ್ತಿಸಬಹುದು. ಬಾಣಲೆಯಲ್ಲಿ ಹತ್ತು ನಿಮಿಷ ಹುರಿದು, ಮುಚ್ಚಿದ ಡಬ್ಬಿಯಲ್ಲಿ ಆರಿಸಿ ಬಳಸಿ. ಉಪ್ಪುನೀರಿನಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಮೊನೆಗಳನ್ನು ಬಿಡಬೇಡಿ, ಧನ ತುದಿಯಲ್ಲಿ ಕ್ಲೋರಿನ್ ಹುಟ್ಟುತ್ತದೆ. ಕಿಟಕಿ ತೆರೆದಿರಲಿ.

ಈ ನಾಲ್ಕರಲ್ಲಿ ಎಲ್‌ಇಡಿ ಹೊತ್ತುವುದು ಉಪ್ಪುನೀರಿನಲ್ಲಿ ಮಾತ್ರ, ಅದರಲ್ಲಿ ವಿದ್ಯುತ್ತನ್ನು ಒಯ್ಯುವುದು ಅಯಾನುಗಳು. ಆಗ ಏಳುವ ಪ್ರಶ್ನೆಯೇ ಪಾಠದ ತಿರುಳು. ಆ ಅಯಾನುಗಳನ್ನು ಬ್ಯಾಟರಿ ಮಾಡಿತೇ, ಮೊದಲೇ ಇದ್ದವೇ? ವಿದ್ಯುತ್ ಹರಿಸದಿದ್ದರೂ ದ್ರಾವಣದಲ್ಲಿ ಅಯಾನುಗಳು ಇರುತ್ತವೆ ಎಂಬ ವಾದದ ಬುನಾದಿಯನ್ನು 1884ರ ತನ್ನ ಪ್ರಬಂಧದಲ್ಲಿ ಹಾಕಿದ ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್‌ಗೆ 1903ರಲ್ಲಿ ನೊಬೆಲ್ ಬಂತು. ಒಣ ಉಪ್ಪಿನಲ್ಲೂ ಅಯಾನುಗಳೇ ಇವೆ, ಆದರೆ ಹರಳಿನಲ್ಲಿ ಪ್ರತಿ ಸೋಡಿಯಂ ಅಯಾನನ್ನು ಆರು ಕ್ಲೋರೈಡ್‌ಗಳು ಸುತ್ತುವರಿದು ಹಿಡಿದಿವೆ, ಅದು ಅಲುಗಲಾರದು. ನೀರು ಆ ಹಿಡಿತ ಬಿಡಿಸುತ್ತದೆ. ‘ಉಪ್ಪಿನ ಅಣು’ ಎಂಬ ಮಾತನ್ನು ತರಗತಿಯಲ್ಲಿ ಆಡದಿರುವುದೇ ಒಳ್ಳೆಯದು. ಸೋಡಿಯಂ ಖುಷಿಯಿಂದ ಎಲೆಕ್ಟ್ರಾನ್ ಕೊಡುತ್ತದೆ ಎಂಬುದೂ ಸರಿಯಲ್ಲ. ಅದನ್ನು ಕೀಳಲು ಮೋಲ್‌ಗೆ (ಪರಮಾಣುಗಳನ್ನು ಎಣಿಸುವ ಅಳತೆ) 496 ಕಿಲೋಜೂಲ್ ಬೇಕು, ಕ್ಲೋರಿನ್ ಅದನ್ನು ಪಡೆದಾಗ ಮರಳುವುದು 349 ಮಾತ್ರ. ಈ ಕೊರತೆ ತುಂಬುವುದು ಅಯಾನುಗಳು ಹರಳಾಗಿ ಕೂಡುವಾಗ ಬಿಡುಗಡೆಯಾಗುವ ಶಕ್ತಿ.

ಇಷ್ಟಾದ ಮೇಲೆ ಸೂತ್ರ. ವೇಲೆನ್ಸಿಯನ್ನು ಅಡ್ಡಡ್ಡ ದಾಟಿಸುವ ಉಪಾಯ ಕಲಿತವರು ಕ್ಯಾಲ್ಸಿಯಂ ಆಕ್ಸೈಡಿಗೆ ತಲಾ ಒಂದರ ಬದಲು ಎರಡು ಕ್ಯಾಲ್ಸಿಯಂ, ಎರಡು ಆಕ್ಸಿಜನ್ ಬರೆದು ಬಿಡುತ್ತಾರೆ. ಅದರ ಬದಲು ರಟ್ಟಿನ ಪಟ್ಟಿ ಕತ್ತರಿಸಿ: ಒಂದು ಚಾರ್ಜಿಗೆ 3 ಸೆಂ.ಮೀ. ಉದ್ದ. ಸೋಡಿಯಂ 3, ಕ್ಯಾಲ್ಸಿಯಂ 6, ಅಲ್ಯುಮಿನಿಯಂ 9, ಆಕ್ಸೈಡ್ 6. ಧನದ ಸಾಲು, ಋಣದ ಸಾಲು ಸಮವಾಗಬೇಕು. ಎರಡು ಅಲ್ಯುಮಿನಿಯಂ 18, ಮೂರು ಆಕ್ಸೈಡ್ 18. ಸಲ್ಫೇಟ್, ಅಮೋನಿಯಂಗಳಿಗೆ ತಲಾ ಒಂದೇ ಅಖಂಡ ಪಟ್ಟಿ ಮಾಡಿ. ನೀರಿನಲ್ಲಿ ಸಲ್ಫೇಟ್ ಮತ್ತೆ ಗಂಧಕ, ಆಮ್ಲಜನಕ ಎಂದು ಒಡೆಯುವುದಿಲ್ಲವೆಂಬುದು ಕೈಗೇ ತಿಳಿಯುತ್ತದೆ.

ಆಮ್ಲದ ಪಾಠ ಈ ಎಲ್‌ಇಡಿಯಿಂದಲೇ ಮುಂದುವರಿಯಬೇಕು. ಹುಳಿ ರುಚಿ, ಲಿಟ್ಮಸ್ ಕೆಂಪು ಎಂಬ ಗುಣಗಳ ಪಟ್ಟಿ ಕಾರಣ ಹೇಳುವುದಿಲ್ಲ. ಕಿರಾಣಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲದ ಒಣ ಹರಳನ್ನೂ ಅಡುಗೆ ಸೋಡಾವನ್ನೂ ಒಂದೊಂದು ಚಮಚ ಒಣ ತಟ್ಟೆಯಲ್ಲಿ ಬೆರೆಸಿ: ಏನೂ ಆಗದು. ಒಂದು ಚಮಚ ನೀರು ಹಾಕಿ: ಉಕ್ಕುತ್ತದೆ. ಆಮ್ಲದಿಂದ ಹೈಡ್ರೋಜನ್ ಅಯಾನು ಬಿಡಿಸಿ ತಾನು ಹಿಡಿದುಕೊಳ್ಳುವುದು ನೀರು.

ಪ್ರಬಲ ಆಮ್ಲ (ನೀರಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಅಯಾನುಗಳಾಗಿ ಒಡೆಯುವುದು), ಸಾರ ಆಮ್ಲ (ನೀರು ಕಡಿಮೆ, ಆಮ್ಲ ಹೆಚ್ಚು ಇರುವುದು) ಎರಡೂ ಒಂದೇ ಎಂಬ ಗೊಂದಲ ಕಾಲೇಜಿನವರೆಗೂ ಹೋಗುತ್ತದೆ. ಇದನ್ನು ತಪ್ಪಿಸಲು ಲ್ಯಾಬಿನ 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 5 ಮಿ.ಲೀ.ಯನ್ನು ಶಿಕ್ಷಕರೇ ನೀರಿಗೆ ಸೇರಿಸಿ 100 ಮಿ.ಲೀ. ಮಾಡಲಿ. ಇನ್ನೊಂದು ಲೋಟದಲ್ಲಿ ಶೇ. 4ರ ಬಿಳಿ ವಿನೆಗರ್ 15 ಮಿ.ಲೀ.ಯನ್ನು 100ಕ್ಕೆ ಏರಿಸಿ. ಎರಡೂ ಸುಮಾರು 0.1 ಮೋಲಾರ್, ಅಂದರೆ ಲೀಟರಿಗೆ 0.1 ಮೋಲ್ ಆಮ್ಲ. ಮೊದಲನೆಯದರಲ್ಲಿ ಪ್ರಖರ ಬೆಳಕು, ಎರಡನೆಯದರಲ್ಲಿ ಮಂಕು, ಏಕೆಂದರೆ ಅಸಿಟಿಕ್ ಆಮ್ಲದ ಸಾವಿರ ಅಣುಗಳಲ್ಲಿ ಒಡೆಯುವುದು ಸುಮಾರು 13. ಕನ್ನಡಕ, ಕೈಗವಸು ಕಡ್ಡಾಯ. ಶೌಚಾಲಯ ತೊಳೆಯುವ ಆ್ಯಸಿಡ್ ತರಗತಿಗೆ ಬೇಡ.

ಆಮ್ಲ, ಪ್ರತ್ಯಾಮ್ಲಗಳಲ್ಲಿ ಬಣ್ಣ ಬದಲಿಸುವ ಸೂಚಕಕ್ಕೆ ನಮ್ಮೂರ ಪುನರ್ಪುಳಿ, ಇಲ್ಲಿನ ಕೋಕಂ, ಚೆನ್ನಾಗಿ ಒದಗುತ್ತದೆ. ನಾಲ್ಕೈದು ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿದರೆ ಸಾಕು. ಆ ನೀರೇ ಆಮ್ಲ, ಹಾಗಾಗಿ ಸೋಡಾ ಹಾಕಿದೊಡನೆ ಮೊದಲು ನೊರೆ, ಅದು ತೀರಿದ ಮೇಲಷ್ಟೇ ಕೆಂಪು ಅಳಿಯುತ್ತದೆ. ಉಪ್ಪು ಹಾಕಿ ಒಣಗಿಸಿದ ಕೋಕಂ ಬಣ್ಣಕ್ಕೆ ಆದೀತು, ಎಲ್‌ಇಡಿ ಪರೀಕ್ಷೆಗೆ ಆಗದು.

ಜೂನ್‌ನಲ್ಲಿ ಪುಸ್ತಕ ಹಂಚುವ ಕನ್ನಡ ಸಂಘಗಳು ಈ ವರ್ಷ ಪ್ರತಿ ಶಾಲೆಗೆ ಇಂಥ ಆರು ಸೆಟ್ಟುಗಳನ್ನೂ ಐದು ಲೀಟರ್ ಡಿಸ್ಟಿಲ್ಡ್ ನೀರನ್ನೂ ಕೊಡಲಿ. ಐದಾರು ಮಕ್ಕಳಿಗೆ ಒಂದು ಸೆಟ್ ಇದ್ದರೆ ಪ್ರತಿಯೊಬ್ಬರೂ ತಾವೇ ಜೋಡಿಸಿ ನೋಡಬಹುದು.

– ಇಬ್ಬರು ರಸಾಯನಶಾಸ್ತ್ರ ಶಿಕ್ಷಕರು, ಡೊಂಬಿವಲಿ